ತೂಬು ಎತ್ತುವವನ ಲೆಕ್ಕ

ಕೋಲಾರ ಸೀಮೆಯಲ್ಲಿ ಹಳೆಯ ಕೆರೆಯೊಂದರ ಏರಿ ಹತ್ತಿ ಒಳಗಡೆ ನೋಡಿದರೆ, ಏರಿಯ ಬುಡದಿಂದ ಸ್ವಲ್ಪ ಆಚೆ ಎರಡು ಕಲ್ಲುಕಂಬಗಳು ಜೋಡಿಯಾಗಿ ನಿಂತಿರುತ್ತವೆ. ಕಂಬಗಳ ನಡುವೆ ಒಂದರ ಕೆಳಗೊಂದು ಅಡ್ಡಕಲ್ಲು, ಪ್ರತಿ ಅಡ್ಡಕಲ್ಲಿನ ನಡುವೆ ಒಂದು ತೂತು. ಆ ತೂತುಗಳ ಮೂಲಕ ಉದ್ದನೆಯ ಮರದ ಗಳುವನ್ನು ಇಳಿಬಿಡುತ್ತಿದ್ದರು. ಗಳುವಿನ ತುದಿಯ ಬೆಣೆ ತಳದ ಹಾಸುಗಲ್ಲಿನ ಬಾಯಿಗೆ ಬಿಗಿಯಾಗಿ ಕೂತರೆ ನೀರು ನಿಂತಿತು, ಮೇಲೆತ್ತಿದರೆ ಏರಿಯ ಅಡಿಯಲ್ಲಿ ಹಾದು ಗದ್ದೆಯ ಕಾಲುವೆಗೆ ಬಿತ್ತು. ಕೆರೆ ತುಂಬಿದ್ದಾಗ ತೂಬಿನವರೆಗೆ ಈಜಿಕೊಂಡೇ ಹೋಗಬೇಕು. ಗಳುವನ್ನು ಎಷ್ಟು ಎತ್ತಬೇಕು, ಎಷ್ಟು ಹೊತ್ತು ಬಿಡಬೇಕು, ಯಾವ ದಿನ ಮುಚ್ಚಬೇಕು ಎಂಬುದನ್ನು ಬಲ್ಲವನು ಊರಿಗೆ ಒಬ್ಬನೇ. ತೂಬಿಗೆ ಕೈಹಾಕುವ ಹಕ್ಕೂ ರೂಢಿಯಂತೆ ಅವನೊಬ್ಬನದೇ. ಅವನೇ ನೀರುಗಂಟಿ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಕೆರೆಗಳ ಬಗ್ಗೆ ಮಾತು ಬಂದಾಗಲೆಲ್ಲ ಹೂಳು, ಒತ್ತುವರಿ, ಜಾಲಿಮುಳ್ಳು, ಅನುದಾನಗಳ ಸುದ್ದಿಯೇ ಹೆಚ್ಚು. ಕೆರೆಯನ್ನು ದಿನವೂ ನಡೆಸುತ್ತಿದ್ದ ಮನುಷ್ಯನ ವಿಚಾರ ಕಡತದ ಕೊನೆಯ ಹಾಳೆಗೆ ಸರಿದಿದೆ. ಈ ಸೀಮೆಯ ಸಾವಿರ ವರ್ಷಗಳ ನೀರಿನ ಚರಿತ್ರೆಯನ್ನು ಅವನ ಕಡೆಯಿಂದ ನೋಡಿದರೆ ಲೆಕ್ಕ ಬೇರೆಯೇ ಆಗುತ್ತದೆ.

ಇಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ, ಪಾಪಾಗ್ನಿ, ಮಾರ್ಕಂಡೇಯ, ಎಲ್ಲವೂ ಮಳೆ ಬಂದಾಗ ಹೊಳೆ, ಬೇಸಿಗೆಯಲ್ಲಿ ಮರಳು. ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸಿನ ಮಳೆಯನ್ನು ನಂಬಿ ಭತ್ತ ಬೆಳೆಯಬೇಕಾದರೆ ಬಿದ್ದ ನೀರನ್ನು ಬಿದ್ದಲ್ಲೇ ಹಿಡಿಯಬೇಕು. ಹಾಗೆ ಹಿಡಿದದ್ದರ ಫಲವಾಗಿ ಚಿಕ್ಕಬಳ್ಳಾಪುರ ಬೇರೆಯಾಗುವ ಮುನ್ನ, ಅಂದರೆ 2007ರವರೆಗಿನ ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಮೈಸೂರಿನ ಮುಖ್ಯ ಇಂಜಿನಿಯರ್ ಆಗಿದ್ದ ಮೇಜರ್ ಸ್ಯಾಂಕಿ 1866ರಲ್ಲಿ ಸಂಸ್ಥಾನದ ಕೆರೆಗಳನ್ನು ಪರಿಶೀಲಿಸಿದಾಗ, ಹೊಸದೊಂದು ಕೆರೆಗೆ ಜಾಗ ಹುಡುಕುವುದೇ ಜಾಣ್ಮೆಯ ಕೆಲಸ ಎಂದು ಬೆರಗಾಗಿದ್ದ. ಬೆಂಗಳೂರಿನ ಸ್ಯಾಂಕಿ ಕೆರೆಗೆ ಹೆಸರು ಕೊಟ್ಟವನೂ ಅವನೇ. ಅಲ್ಲಿ ಅವನಿಗೆ ಜಾಗ ಸಿಕ್ಕಿತು ಅನ್ನಿ.

ಈ ಕೆರೆಗಳ ಸರಪಳಿಯನ್ನು ಕಟ್ಟಿದ್ದು ಒಬ್ಬ ರಾಜನಲ್ಲ, ಒಂದು ಕಾಲವೂ ಅಲ್ಲ. ಬಿ. ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯ ಶಾಸನಗಳದು. ಅದನ್ನು ತಿರುವುತ್ತ ಹೋದರೆ ವೀರಗಲ್ಲು, ದೇವರ ದತ್ತಿಗಳಷ್ಟೇ ಸಲೀಸಾಗಿ ಕೆರೆಗಳೂ ಎದುರಾಗುತ್ತವೆ. ಮುಳಬಾಗಿಲು ತಾಲ್ಲೂಕಿನ ಆವಣಿಯ ಶಾಸನವೊಂದು ತ್ರಿಭುವನಕರ್ತಾರ ಎಂಬ ಶೈವ ಗುರುವಿನದು. ಕ್ರಿ.ಶ. 961ರಲ್ಲಿ ತೀರಿಕೊಂಡ ಈತ 40 ವರ್ಷ ಆವಣಿಯ ಸ್ಥಾನವನ್ನಾಳಿ, 50 ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನಂತೆ. ದೇವಾಲಯಗಳ ಸಂಖ್ಯೆ ದೊಡ್ಡದು, ನಿಜ. ಆದರೆ ಒಂದು ಮಠದ ಸಾಧನೆಯ ಪಟ್ಟಿಯಲ್ಲಿ ಕೆರೆಗೂ ಅದೇ ಸಾಲಿನಲ್ಲಿ ಜಾಗ ಸಿಕ್ಕಿದೆ. ಪಾಲಾರ್ ಪಾತ್ರದ ಬೇತಮಂಗಲದ ಕೆರೆಯನ್ನು ಅದೇ ಶತಮಾನದಲ್ಲಿ ನೊಳಂಬರು ದುರಸ್ತಿ ಮಾಡಿಸಿದರು. ಅಂದರೆ ಆಗಲೇ ಅದು ಹಳೆಯ ಕೆರೆ. ಕಟ್ಟಿಸಿದವರಿಗಿಂತ ಒಡೆದದ್ದನ್ನು ಕಟ್ಟಿದವರ ಶಾಸನಗಳನ್ನು ಓದುವುದು ಹೆಚ್ಚು ಲಾಭದ ಕೆಲಸ. ಕೆರೆ ಎಂದರೆ ಒಮ್ಮೆ ಕಟ್ಟಿ ಮುಗಿಸುವ ವಸ್ತುವಲ್ಲ ಎಂಬುದು ಅಲ್ಲಿ ಕಾಣುತ್ತದೆ.

ದುರಸ್ತಿಗೆ ಹಣ ಎಲ್ಲಿಂದ? ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ, ಕೆರೆಗೊಡಗೆ ಎಂದು ಬರುವ ದತ್ತಿಗಳೇ ಇದಕ್ಕೆ ಉತ್ತರ. ಕೆರೆ ಕಟ್ಟಿದವನಿಗೆ, ನೋಡಿಕೊಳ್ಳುವವನಿಗೆ ಅದೇ ಕೆರೆಯ ಕೆಳಗೆ ಗದ್ದೆ ಬಿಟ್ಟುಕೊಡುವ ಪದ್ಧತಿ ಅದು. ಕೆರೆಯಲ್ಲಿ ನೀರಿದ್ದರೆ ಅವನ ಗದ್ದೆಗೂ ನೀರು, ಏರಿ ಒಡೆದರೆ ಅವನ ಗದ್ದೆಯೂ ಒಣಗಿತು. ಬೆಂಗಳೂರಿನ ಯಾವ ಕಚೇರಿಯ ಉಸ್ತುವಾರಿಗೂ ಇಷ್ಟು ಬಿಗಿಯಾದ ಷರತ್ತು ಹಾಕಲು ಮುಂದೆ ಯಾರಿಗೂ ಆಗಲಿಲ್ಲ.

ಊರಿನ ಆಯಗಾರರ ಸಾಲಿನಲ್ಲಿ ನೀರುಗಂಟಿಯೂ ಒಬ್ಬ. ಬಡಗಿ, ಕಮ್ಮಾರ, ಅಗಸರಂತೆ ಅವನಿಗೂ ಸುಗ್ಗಿಯಲ್ಲಿ ಕಣದ ರಾಶಿಯಿಂದ ಪಾಲು, ಜೊತೆಗೆ ಒಂದಿಷ್ಟು ಇನಾಮು ಭೂಮಿ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರಕ್ಕಾಗಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಕೋಲಾರಕ್ಕೂ ಬಂದಿದ್ದ. ರಾಶಿ ಹಂಚುವಾಗ ಯಾರ್ಯಾರಿಗೆ ಎಷ್ಟೆಷ್ಟು ಸಲ್ಲುತ್ತದೆ ಎಂದು ಕೇಳಿ ಕೇಳಿ ಬರೆದುಕೊಂಡ ಅವನ ಪಟ್ಟಿಗಳಲ್ಲಿ ನೀರು ಬಿಡುವವನ ಪಾಲೂ ಇದೆ.

ಅವನ ಕೆಲಸದ ವರ್ಷ ಮುಂಗಾರಿಗೂ ಮೊದಲೇ ಶುರುವಾಗುತ್ತಿತ್ತು. ಕೆರೆಗೆ ನೀರು ತರುವ ರಾಜಕಾಲುವೆಯಲ್ಲಿ ಬೆಳೆದ ಗಿಡಗಂಟಿ ಕಡಿಸಬೇಕು. ಬೇಸಿಗೆಯಲ್ಲಿ ರೈತರು ಗಾಡಿ ಕಟ್ಟಿಕೊಂಡು ಬಂದು ಕೆರೆಯ ಗೋಡುಮಣ್ಣನ್ನು ರಾಗಿ ಹೊಲಕ್ಕೆ ಹೊಡೆಯುವಾಗ ಏರಿಯ ಬುಡ ಕೆದಕದಂತೆ ನೋಡಿಕೊಳ್ಳಬೇಕು. ಮಳೆಗಾಲದ ರಾತ್ರಿ ಏರಿಯ ಮೇಲೆಯೇ ನಿದ್ದೆ. ಇಲಿಯೋ ಏಡಿಯೋ ಕೊರೆದ ಬಿಲದಲ್ಲಿ ನೀರು ಜಿನುಗಿದರೆ ಬೆಳಗಾಗುವಷ್ಟರಲ್ಲಿ ಅದು ತೋಡಾಗುತ್ತದೆ. ಅಂಥ ಹೊತ್ತಿನಲ್ಲಿ ತಮಟೆ ಬಡಿದರೆ ಮನೆಗೊಂದಾಳು ಗುದ್ದಲಿ, ಮಂಕರಿ ಹಿಡಿದು ಬರಬೇಕು. ಬರದ ಮನೆಗೆ ದಂಡ.

ನಿಜವಾದ ಪರೀಕ್ಷೆ ಮಳೆಗಾಲ ಮುಗಿದ ಮೇಲೆ. ಕೆರೆಯಲ್ಲಿ ನಿಂತಿರುವ ನೀರು ಅಚ್ಚುಕಟ್ಟಿನ ಅಷ್ಟೂ ಗದ್ದೆಗೆ ಸಾಲುತ್ತದೆಯೇ? ತೂಬಿನ ಅಡ್ಡಕಲ್ಲುಗಳಲ್ಲಿ ಎಷ್ಟು ಮುಳುಗಿವೆ ಎಂದು ನೋಡಿ ನೀರುಗಂಟಿ ಹೇಳುತ್ತಾನೆ: ಪೂರ್ತಿ ನಾಟಿ ಮಾಡಬಹುದು, ಅಥವಾ ಅರ್ಧ, ಅಥವಾ ಈ ಸಲ ಭತ್ತ ಬೇಡ, ರಾಗಿ ಹಾಕಿ. ಅರ್ಧ ಎಂದರೆ ತೂಬಿಗೆ ಹತ್ತಿರದ ಅರ್ಧ ಎಂದಲ್ಲ. ಎಲ್ಲ ಕುಳಗಳಿಗೂ ಸ್ವಲ್ಪ ಸ್ವಲ್ಪ ಬರುವಂತೆ ನಾಟಿಯ ಜಾಗವನ್ನೇ ಆ ವರ್ಷಕ್ಕೆ ಹಂಚಿಕೊಂಡ ಊರುಗಳಿದ್ದವು. ಮಾತುಕತೆ ನಡೆಯುತ್ತಿದ್ದುದು ಏರಿಯ ಮೇಲಿನ ಗಂಗಮ್ಮನ ಗುಡಿಯ ಹತ್ತಿರವೋ ಅರಳಿಕಟ್ಟೆಯ ಮೇಲೋ. ತೀರ್ಮಾನ ಗೌಡ, ಶಾನುಭೋಗರದು. ಆದರೆ ಅದರ ಕೆಳಗಿನ ಲೆಕ್ಕ ನೀರುಗಂಟಿಯದು; ಲೆಕ್ಕ ತಪ್ಪಿ ಕಾಳುಕಟ್ಟುವ ಹೊತ್ತಿಗೆ ನೀರು ಮುಗಿದರೆ ಊರೇ ಅವನ ಮೇಲೆ ಬೀಳುತ್ತಿತ್ತು. ಯೋಜನೆ ಎಂಬುದನ್ನು ವರ್ಷವರ್ಷವೂ, ಕಣ್ಣೆದುರಿನ ನೀರನ್ನು ನೋಡಿ, ಅದನ್ನು ಬಳಸುವವರೆಲ್ಲರ ಮುಂದೆ ಮಾಡುತ್ತಿದ್ದ ವ್ಯವಸ್ಥೆ ಅದು.

ಇಲ್ಲಿಗೆ ನಿಲ್ಲಿಸಿದರೆ ಚಿತ್ರ ಚೆಂದವಾಗಿಬಿಡುತ್ತದೆ. ನೀರುಗಂಟಿ ಸಾಮಾನ್ಯವಾಗಿ ದಲಿತ ಸಮುದಾಯದವನು. ಊರಿನ ಅನ್ನದ ಕೀಲಿ ಅವನ ಕೈಯಲ್ಲಿತ್ತು, ಊರಿನ ಬಾವಿಯ ಹಗ್ಗ ಮುಟ್ಟುವ ಹಕ್ಕು ಇರಲಿಲ್ಲ. ತೂಬಿನ ಮೇಲೆ ಅವನ ಮಾತಿಗೆ ಬೆಲೆ, ತೂಬಿನಿಂದ ಇಳಿದರೆ ಕಟ್ಟೆಯ ಕೆಳಗೆ ನಿಲ್ಲಬೇಕು. ಭೂಮಿಯಿಲ್ಲದವರಿಗೂ ಹೆಂಗಸರಿಗೂ ಆ ಮಾತುಕತೆಯಲ್ಲಿ ಜಾಗವಿರಲಿಲ್ಲ. ಹಳೆಯ ಕೆರೆ ವ್ಯವಸ್ಥೆಯನ್ನು ಗ್ರಾಮ ಸ್ವರಾಜ್ಯವೆಂದು ಹಾಡಿ ಹೊಗಳುವವರು ಈ ಭಾಗವನ್ನು ನುಂಗಿಕೊಳ್ಳುತ್ತಾರೆ. ಅವನ ನಿಷ್ಪಕ್ಷಪಾತವನ್ನು ಮೆಚ್ಚುವವರು ಇನ್ನೊಂದನ್ನೂ ನೆನೆಯಬೇಕು: ಅಚ್ಚುಕಟ್ಟಿನಲ್ಲಿ ಅವನಿಗೆ ನೆಂಟರಿರಲಿಲ್ಲ, ಪಕ್ಷ ವಹಿಸಲು ಅವಕಾಶವೇ ಕಡಿಮೆ.

ನೆರೆಯ ಆಂಧ್ರದ ಹಳ್ಳಿಗಳನ್ನು ಅಧ್ಯಯನ ಮಾಡಿ 1988ರಲ್ಲಿ ಪುಸ್ತಕ ಬರೆದ ರಾಬರ್ಟ್ ವೇಡ್, ಊರಿನವರೇ ಸಂಬಳ ಕೊಟ್ಟು ನೇಮಿಸಿಕೊಂಡ ಇಂಥ ನೀರು ಬಿಡುವವರನ್ನು ವಿವರವಾಗಿ ವರ್ಣಿಸಿದ್ದಾನೆ. ಕಾಲುವೆಯ ಕೊನೆಯಲ್ಲಿದ್ದು ನೀರಿನ ಖಾತ್ರಿ ಇಲ್ಲದ ಊರುಗಳೇ ಹೆಚ್ಚು ಒಗ್ಗಟ್ಟಾಗಿ ಸಂಘಟಿತವಾಗಿದ್ದವು ಎಂಬುದು ಅವನು ಕಂಡದ್ದು. ಎರಡು ವರ್ಷದ ನಂತರ ಎಲಿನೊರ್ ಆಸ್ಟ್ರೋಮ್ ಸ್ಪೇನ್, ಫಿಲಿಪ್ಪೀನ್ಸ್‌ಗಳ ರೈತರ ಕಾಲುವೆಗಳಲ್ಲೂ ಇಂಥ ಕಟ್ಟಳೆಗಳನ್ನು ತೋರಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರು. ಕೋಲಾರದ ಕೆರೆಯೇರಿಯ ಮೇಲೆ ಇದು ಹೊಸ ಸುದ್ದಿಯಾಗುತ್ತಿರಲಿಲ್ಲ. ವಿಪರ್ಯಾಸವೆಂದರೆ, ಆ ಪುಸ್ತಕಗಳು ಬರುವ ಹೊತ್ತಿಗೆ ಇಲ್ಲಿನ ನೀರುಗಂಟಿಯ ಕೆಲಸ ಬಹುಪಾಲು ಮುಗಿದುಹೋಗಿತ್ತು.

ಮುಗಿದದ್ದು ಒಂದೇ ಏಟಿಗಲ್ಲ. ಬ್ರಿಟಿಷ್ ಕಮಿಷನರ್ ಆಡಳಿತದ ಕಾಲದಲ್ಲಿ, 1856ರಲ್ಲಿ, ಲೋಕೋಪಯೋಗಿ ಇಲಾಖೆ ಬಂತು. ಕೆರೆ ನಿಧಾನವಾಗಿ ಇಂಜಿನಿಯರನ ಕಡತದ ವಸ್ತುವಾಯಿತು. ಕಲ್ಲುಗಾರೆಯ ಕೆಲಸ ಸರ್ಕಾರದ್ದು, ಮಣ್ಣಿನ ಕೆಲಸ ರೈತರದು ಎಂಬ ಹಂಚಿಕೆ ನಡೆದುಬಂತು. 1892ರಲ್ಲಿ ಮೈಸೂರು ಮತ್ತು ಮದ್ರಾಸುಗಳ ನಡುವೆ ಒಪ್ಪಂದವಾಗಿ, ಪಾಲಾರ್ ಸೇರಿದಂತೆ ಗಡಿ ದಾಟುವ ನದಿಗಳ ಮೇಲೆ ಹೊಸ ನೀರಾವರಿ ಕಟ್ಟಡ ಕಟ್ಟಬೇಕಾದರೆ ಮದ್ರಾಸಿನ ಒಪ್ಪಿಗೆ ಪಡೆಯಬೇಕಾಯಿತು. ಬೇತಮಂಗಲದ ಏರಿ ಎತ್ತರಿಸುವ ವಿಚಾರ ಅಂದಿನಿಂದ ಎರಡು ಸರ್ಕಾರಗಳ ಪತ್ರವ್ಯವಹಾರಕ್ಕೆ ಸೇರಿದ್ದು. ಈ ನಡುವೆ ಜವಾಬ್ದಾರಿಯನ್ನು ಊರಿಗೇ ಮರಳಿಸಲು 1911ರಲ್ಲಿ ಮೈಸೂರು ಸರ್ಕಾರ ಕೆರೆ ಪಂಚಾಯಿತಿಗಳ ಕಾನೂನನ್ನೂ ತಂದಿತು. ಕಾನೂನು ಮಾಡಿದ್ದು ಊರಿನವರಲ್ಲ, ಹಣ ಇದ್ದದ್ದೂ ಊರಿನಲ್ಲಲ್ಲ. ಅದು ಬೇರು ಬಿಡಲಿಲ್ಲ.

ಸ್ವಾತಂತ್ರ್ಯಾನಂತರದ ಎರಡು ಕಾಯಿದೆಗಳು ಉಳಿದದ್ದನ್ನು ಮುಗಿಸಿದವು. 1961ರ ಗ್ರಾಮ ಕಚೇರಿಗಳ ರದ್ದಿಯಾತಿ ಕಾಯಿದೆ ವಂಶಪಾರಂಪರ್ಯದ ಪಟೇಲ, ಶಾನುಭೋಗ, ತೋಟಿ, ತಳವಾರ, ನೀರುಗಂಟಿ ಹುದ್ದೆಗಳನ್ನು ತೆಗೆದುಹಾಕಿತು. ತೆಗೆಯಬೇಕಾದದ್ದೇ, ಹುಟ್ಟಿನಿಂದ ಬಂದ ಊಳಿಗವನ್ನು ಪ್ರಜಾಪ್ರಭುತ್ವ ಇಟ್ಟುಕೊಳ್ಳಲಾಗದು. ಆದರೆ ಕೆರೆಗೆ ನೀರುಗಂಟಿಯ ಅಗತ್ಯ ಮಾತ್ರ ರದ್ದಾಗಿರಲಿಲ್ಲ. 1965ರ ನೀರಾವರಿ ಕಾಯಿದೆ ಕೆರೆಯನ್ನು ಸರ್ಕಾರದ ಹಿಡಿತಕ್ಕೆ ಗಟ್ಟಿಯಾಗಿ ತಂದಿತು. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆ, ಕಡಿಮೆಯಿದ್ದರೆ ಪಂಚಾಯಿತಿ. ಒತ್ತುವರಿಯಾದರೆ ಕಂದಾಯ ಇಲಾಖೆ, ಅಂಗಳದ ಜಾಲಿಗೆ ಅರಣ್ಯ ಇಲಾಖೆ, ಮೀನಿಗೆ ಮೀನುಗಾರಿಕೆ ಇಲಾಖೆಯ ಹರಾಜು. ಇಷ್ಟು ಜನ ಯಜಮಾನರಿರುವ ಮನೆಯಲ್ಲಿ ಸೋರುವ ಮಾಡಿಗೆ ಹೆಂಚು ಹಾಕುವವರಾರು?

ಅದೇ ಹೊತ್ತಿಗೆ ರೈತನೂ ಕೆರೆಯಿಂದ ಮುಖ ತಿರುಗಿಸಿದ್ದ. ಕಪಿಲೆ ಕಟ್ಟಿ ನೀರೆತ್ತುತ್ತಿದ್ದ ಬಾವಿಗಳಿಗೆ ಕರೆಂಟು ಪಂಪು ಬಂತು, ಬಾವಿ ಬತ್ತಿದ ಮೇಲೆ ಕೊಳವೆಬಾವಿ. 1983ರಿಂದ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬರನ್ನು ಜನ ನೀರ್ ಸಾಬ್ ಎಂದು ಕರೆದದ್ದು ಹಳ್ಳಿಹಳ್ಳಿಗೆ ಕುಡಿಯುವ ನೀರಿನ ಕೊಳವೆಬಾವಿ ಕೊರೆಸಿದ್ದಕ್ಕೆ. ಮಂಡಲ ಪಂಚಾಯಿತಿಗಳ ಮೂಲಕ ಯೋಜನೆಯನ್ನು ಊರಿಗೆ ತಂದವರೂ ಅವರೇ. 1987ರ ಚುನಾವಣೆ ಇಂದಿಗೂ ವಿಕೇಂದ್ರೀಕರಣದ ಗುರುತುಕಲ್ಲು. ಊರ ಬಾವಿಗೆ ಇಳಿಯಲಾಗದಿದ್ದ ಕೇರಿಗಳಿಗೆ ಆ ಬೋರಿನ ಕೈಪಂಪು ಸಣ್ಣ ಬಿಡುಗಡೆಯಲ್ಲ. ನೀರಿನ ಅಧಿಕಾರ ಏರಿಯಿಂದ ಕೈಪಂಪಿಗೆ, ಅಲ್ಲಿಂದ ಹೊಲದ ಮೋಟಾರು ಸ್ವಿಚ್ಚಿಗೆ ಸರಿದದ್ದೂ ಅದೇ ದಶಕಗಳಲ್ಲಿ. ಕೆರೆಯ ನೀರನ್ನು ಹಂಚಿಕೊಳ್ಳಲೇಬೇಕು. ಬೋರಿನ ನೀರು ಕೊರೆಸಿದವನದು.

ನೀಲಗಿರಿ ಬಂದದ್ದೂ ಆಗಲೇ. ಕೂಲಿಯಾಳಿನ ಗೋಜಿಲ್ಲ, ದನ ಮೇಯುವುದಿಲ್ಲ, ಹರಿಹರದ ರೇಯಾನ್ ಕಾರ್ಖಾನೆಗೆ ಮರ ಬೇಕೇಬೇಕು. ರಾಗಿ ಹೊಲಗಳು ನೀಲಗಿರಿ ತೋಪುಗಳಾದವು. 1981ರಲ್ಲಿ ಬೆಂಗಳೂರಿನ ಐಐಎಂ ಮೂಲಕ ವಂದನಾ ಶಿವ, ಎಚ್. ಸಿ. ಶರತ್‌ಚಂದ್ರ, ಜೆ. ಬಂದ್ಯೋಪಾಧ್ಯಾಯ ಅವರು ಕೋಲಾರದ ಸಾಮಾಜಿಕ ಅರಣ್ಯದ ಬಗ್ಗೆ ಅಧ್ಯಯನ ಪ್ರಕಟಿಸಿ, ಅನ್ನದ ಬೆಳೆಯೂ ಕೂಲಿಯೂ ಕುಗ್ಗುತ್ತಿವೆ ಎಂದು ಎಚ್ಚರಿಸಿದರು. ಅರಣ್ಯ ಇಲಾಖೆಯವರು ಒಪ್ಪಲಿಲ್ಲ, ವಾದ ವರ್ಷಗಟ್ಟಲೆ ನಡೆಯಿತು. ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿದ್ದು 2017ರಲ್ಲಿ. ಮಾಲೂರಿನ ಹೆಂಚು, ಇಟ್ಟಿಗೆ ಭಟ್ಟಿಗಳು ಬೇಡಿದ್ದು ಜೇಡಿಮಣ್ಣನ್ನು. ಶ್ರೀನಿವಾಸಪುರ ಮಾವಿನ ತೋಪಾಯಿತು. ಮುಳಬಾಗಿಲು, ಕೋಲಾರಗಳಲ್ಲಿ ಟೊಮೆಟೊ ಬಂತು. ಯಾವುದಕ್ಕೂ ತೂಬು ಬೇಕಿರಲಿಲ್ಲ. ಕೊಳವೆಬಾವಿಗಳು ಸಾವಿರ ಅಡಿ ದಾಟಿದವು, ಮೇಲೆ ಬಂದ ನೀರಿನಲ್ಲಿ ಫ್ಲೋರೈಡ್ ಬಂತು.

ಕೆರೆಗೆ ಮತ್ತೆ ಜನರನ್ನು ಕರೆತರುವ ದೊಡ್ಡ ಪ್ರಯತ್ನ ನಡೆದದ್ದು 2002ರಿಂದ. ವಿಶ್ವಬ್ಯಾಂಕಿನ ಸಾಲದ ಸಮುದಾಯ ಆಧಾರಿತ ಕೆರೆ ಯೋಜನೆಯನ್ನು ಜಲ ಸಂವರ್ಧನೆ ಯೋಜನಾ ಸಂಘ ಕೈಗೆತ್ತಿಕೊಂಡಿತು. ಮೊದಲ ಒಂಬತ್ತು ಜಿಲ್ಲೆಗಳಲ್ಲಿ ಕೋಲಾರವೂ ಇತ್ತು. ಊರಿನ ಬಯಲಲ್ಲಿ ರಂಗೋಲಿಪುಡಿಯಿಂದ ಕೆರೆ, ಕಾಲುವೆ, ಗದ್ದೆ, ಕೇರಿಗಳ ನಕ್ಷೆ ಬಿಡಿಸಿ, ಎಲ್ಲಿ ಹೂಳಿದೆ, ಯಾವ ಕಾಲುವೆ ಮುಚ್ಚಿದೆ ಎಂದು ಜನರಿಂದಲೇ ಗುರುತು ಮಾಡಿಸುವುದು ಮೊದಲ ಹೆಜ್ಜೆ. ಅಚ್ಚುಕಟ್ಟುದಾರರ ಜೊತೆ ಭೂಮಿಯಿಲ್ಲದವರಿಗೂ ಹೆಂಗಸರಿಗೂ ಕೆರೆ ಬಳಕೆದಾರರ ಸಂಘದಲ್ಲಿ ಜಾಗ. ಹಳೆಯ ಕಟ್ಟೆಯ ಮಾತುಕತೆಯಲ್ಲಿ ಇಲ್ಲದಿದ್ದ ಸಂಗತಿ ಇದು, ಯೋಜನೆಯ ದೊಡ್ಡ ಗಳಿಕೆಯೂ ಇದೇ. ಖರ್ಚಿನ ಒಂದು ಪಾಲು ಊರಿನದು, ಹಣವಾಗಿಯೋ ಮೈದುಡಿಮೆಯಾಗಿಯೋ.

ಆದರೆ ಯೋಜನೆ ಹೂಳೆತ್ತುವವರೆಗೆ ಚೆನ್ನಾಗಿ ನಡೆಯುತ್ತದೆ. ಕೆಲಸದ ಅಂದಾಜು, ಬಿಲ್ಲು, ಅಳತೆ ಪುಸ್ತಕ, ಎಲ್ಲಕ್ಕೂ ಮುಗಿಯುವ ತಾರೀಖಿದೆ. ಮಳೆಗಾಲದ ರಾತ್ರಿ ಏರಿಯ ಮೇಲೆ ಮಲಗುವ ಕೆಲಸಕ್ಕೆ ಅಂಥ ತಾರೀಖಿಲ್ಲ. ಸಂಘದ ಅಧ್ಯಕ್ಷ, ಕಾರ್ಯದರ್ಶಿಗಳು ಸಿಕ್ಕರು. ನೀರುಗಂಟಿಗೆ ಸಂಬಳ ಕೊಡುವ ಬಾಬ್ತು ಯಾವುದು ಎಂಬ ಪ್ರಶ್ನೆ ಉಳಿಯಿತು. ಅಚ್ಚುಕಟ್ಟಿನಲ್ಲಿ ಭತ್ತವೇ ಇಲ್ಲದ ಮೇಲೆ ಕಣದ ರಾಶಿ ಎಲ್ಲಿಂದ ಬರಬೇಕು? ಎಷ್ಟೋ ವರ್ಷ ಮಳೆಯೂ ಬರಲಿಲ್ಲ. ತುಂಬದ ಕೆರೆಯ ಸಂಘಕ್ಕೆ ಸಭೆ ಸೇರಲು ಕಾರಣವಿಲ್ಲ.

ಕೊನೆಗೆ ನೀರು ಬಂತು, ಆಕಾಶದಿಂದಲ್ಲ, ಬೆಂಗಳೂರಿನ ಬಚ್ಚಲುಗಳಿಂದ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್ ಗುರಿಯಿಟ್ಟು, ಬಹುಪಾಲು ಕೋಲಾರ ಜಿಲ್ಲೆಯವೇ ಆದ 126 ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ಮೊದಲ ನೀರು 2018ರ ಜೂನ್‌ನಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಿತ್ತು. ಜುಲೈನಲ್ಲಿ ಅದೇ ಕೆರೆಯಲ್ಲಿ ನೊರೆ ಎದ್ದಿತು. ಬೆಳ್ಳಂದೂರಿನ ನೊರೆಯನ್ನು ಟಿವಿಯಲ್ಲಿ ನೋಡಿದ್ದ ಜನ ಬೆಚ್ಚಿದರು, ಹೈಕೋರ್ಟು ತಡೆ ಕೊಟ್ಟಿತು. ಮೂರನೆಯ ಹಂತದ ಶುದ್ಧೀಕರಣವಿಲ್ಲದೆ ಈ ನೀರು ಬೇಡ ಎಂಬ ಹೋರಾಟ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆಮೇಲೆ ನೀರು ಮತ್ತೆ ಹರಿಯಿತು. ನರಸಾಪುರದ ಕೆರೆ ತುಂಬಿತು, ಒಂದರ ಕೋಡಿ ಇನ್ನೊಂದಕ್ಕೆ ಬಿತ್ತು. ಬತ್ತಿದ್ದ ಕೊಳವೆಬಾವಿಗಳಲ್ಲಿ ನೀರು ಮೇಲೇರಿದ್ದನ್ನು ರೈತರೂ ಕಂಡರು, ಅಧ್ಯಯನ ನಡೆಸಿದ ಭಾರತೀಯ ವಿಜ್ಞಾನ ಸಂಸ್ಥೆಯವರೂ ದಾಖಲಿಸಿದರು. ಆ ನೀರಿನ ಗುಣದ ಬಗೆಗಿನ ಜಗಳ ಮಾತ್ರ ಇನ್ನೂ ಮುಗಿದಿಲ್ಲ.

ಮುಗಿಯುವವರೆಗೆ ಕಟ್ಟಳೆ ಇಷ್ಟು: ಈ ನೀರು ಅಂತರ್ಜಲ ಮರುಪೂರಣಕ್ಕೆ ಮಾತ್ರ. ಕುಡಿಯುವಂತಿಲ್ಲ, ಕೆರೆಗೆ ಪಂಪು ಇಟ್ಟು ಎತ್ತುವಂತಿಲ್ಲ, ಗದ್ದೆಗೆ ನೇರವಾಗಿ ಬಿಡುವಂತಿಲ್ಲ. ಎಂದರೆ, ದಶಕಗಳ ನಂತರ ಕೆರೆ ತುಂಬಿದೆ, ಕೋಡಿ ಹರಿದಿದೆ, ಊರಿನವರು ಬಾಗಿನ ಬಿಟ್ಟಿದ್ದಾರೆ, ತೂಬು ಮುಚ್ಚಿಯೇ ಇದೆ. ನೆಲದೊಳಗೆ ಇಳಿದ ನೀರನ್ನು ಆಳವಾದ ಬೋರಿದ್ದವನು ಎತ್ತುತ್ತಾನೆ. ಅದು ಯಾರಿಗೆ ಎಷ್ಟು ಸಿಗಬೇಕು ಎಂದು ಕೂತು ಮಾತಾಡುವ ಕಟ್ಟೆ ಎಲ್ಲೂ ಇಲ್ಲ. ಯಾವ ಕೆರೆಗೆ ಮೊದಲು ನೀರು, ಯಾವ ತಿಂಗಳು ಎಷ್ಟು ಎಂಬುದು ಬೆಂಗಳೂರಿನ ಶುದ್ಧೀಕರಣ ಘಟಕ ಮತ್ತು ಪಂಪ್‌ಹೌಸುಗಳ ನಡುವಿನ ವಿಚಾರ. ಮಾವು, ಟೊಮೆಟೊ ಬೆಳೆಯುವವನಿಗೆ ಅದರಿಂದ ನಷ್ಟವೇನೂ ಇಲ್ಲದಿರಬಹುದು. ಆದರೆ ಅಚ್ಚುಕಟ್ಟಿನ ಸಣ್ಣ ಹಿಡುವಳಿದಾರ, ಸಾವಿರ ಅಡಿ ಕೊರೆಸುವ ಶಕ್ತಿಯಿಲ್ಲದವನು, ತುಂಬಿದ ಕೆರೆಯ ಕೆಳಗೇ ಖುಷ್ಕಿ ಮಾಡಬೇಕು.

ನೀರುಗಂಟಿ ಎಂಬ ಹುದ್ದೆ ಹೆಸರಿನಲ್ಲಿ ಉಳಿದುಕೊಂಡಿದೆ. ಗ್ರಾಮ ಪಂಚಾಯಿತಿಗಳ ಸಿಬ್ಬಂದಿ ಪಟ್ಟಿಯಲ್ಲಿ ಬಿಲ್ ಕಲೆಕ್ಟರ್, ಜಾಡಮಾಲಿಗಳ ಜೊತೆಗೆ ಅವನಿದ್ದಾನೆ. ಜನ ವಾಟರ್‌ಮನ್ ಎನ್ನುತ್ತಾರೆ. ಬೆಳಗ್ಗೆ ಎದ್ದು ಮೋಟಾರು ಹಾಕಿ, ಓವರ್‌ಹೆಡ್ ಟ್ಯಾಂಕು ತುಂಬಿಸಿ, ಇವತ್ತು ಮೇಲಿನ ಬೀದಿ, ನಾಳೆ ಕೆಳಗಿನ ಬೀದಿ ಎಂದು ವಾಲ್ವು ತಿರುಗಿಸುವುದು ಅವನ ಕೆಲಸ. ಕರೆಂಟಿನ ಹೊತ್ತು, ಬೋರಿನ ಇಳುವರಿ, ಹಬ್ಬ, ಮದುವೆ ಎಲ್ಲವನ್ನೂ ಅವನು ತಲೆಯಲ್ಲೇ ಲೆಕ್ಕ ಹಾಕಬೇಕು. ನೀರು ಬರದ ಬೀದಿಯವರು ಮೊದಲು ಬೈಯುವುದೂ ಅವನನ್ನೇ. ಕನಿಷ್ಠ ವೇತನ ಕೊಡಿ, ಬಾಕಿ ಸಂಬಳ ಕೊಡಿ ಎಂದು ಪಂಚಾಯಿತಿ ನೌಕರರು ಜಿಲ್ಲಾ ಪಂಚಾಯಿತಿ ಕಚೇರಿಗಳ ಮುಂದೆ ಧರಣಿ ಕೂತಾಗ ಅವರ ನಡುವೆ ಇವನೂ ಕೂತಿರುತ್ತಾನೆ.